ಬಾಯಿ ಇದ್ದಾಕಿಗೆ ಚಪ್ಪಾಳಿ

ನಮ್ಮ ಇಂಗ್ಲಿಷ್ ಸರ್ ಅವರ ಮೂಗಿನ ಎಡ ಹೊಳ್ಳೆಯಲ್ಲಿ ಒಂದು ತೂತಿತ್ತು. ಹೆಣ್ಣುಮಕ್ಕಳು ಮೂಗುಬೊಟ್ಟು ಇಡುವ ಜಾಗದಲ್ಲೇ, ಎಳ್ಳುಕಾಳಿನಷ್ಟು. ಎಷ್ಟೋ ವರ್ಷಗಳಿಂದ ಅದರಲ್ಲಿ ಏನನ್ನೂ ಇಡದೆ ಅರ್ಧ ಮುಚ್ಚಿಕೊಂಡಿತ್ತು. ಆದರೂ ಅವರು ಬೋರ್ಡಿನಿಂದ ನಮ್ಮ ಕಡೆ ತಿರುಗಿದಾಗ ಕಿಟಕಿಯ ಬೆಳಕಿಗೆ ಥಟ್ಟನೆ ಕಾಣುತ್ತಿತ್ತು. ಅದರ ಕೆಳಗೆ ಪೊದೆಯಂಥ ಬಿಳಿ ಮೀಸೆ, ಮೇಲೆ ಹಣೆಯ ತುಂಬ ವಿಭೂತಿ. ಈ ಮೂರೂ ಒಂದೇ ಮುಖದಲ್ಲಿ ಹೇಗೆ ಕೂಡಿಬಂದವು ಎಂಬುದು ಚಿತ್ತಾಪುರದ ನಮ್ಮ ಡಿಗ್ರಿ ಕಾಲೇಜಿಗೆ ಹೊಸದಾಗಿ ಸೇರಿದ ಹುಡುಗಿಯರಿಗೆಲ್ಲ ಪಾಠಕ್ಕಿಂತ ದೊಡ್ಡ ಪ್ರಶ್ನೆಯಾಗಿತ್ತು.

ಕೇಳಿದವಳು ನಾನೇ. ಬೇರೆ ಯಾರು ಕೇಳಿಯಾರು? ವಾಡಿಯ ರೈಲ್ವೆ ಕ್ವಾರ್ಟರ್ಸ್ ಸಾಲಿನಲ್ಲಿ ನನಗೆ ‘ಬಾಯಿಬಡಕಿ’ ಎಂಬ ಹೆಸರು ಬಿದ್ದಾಗ ನಾನಿನ್ನೂ ಮೂರನೇ ಇಯತ್ತೆ. ನಮ್ಮದು ಭೀಮಾ ದಂಡೆಯ ಮನೆತನ. ಅಜ್ಜ ಹರಗೋಲು ಹಾಕುತ್ತಿದ್ದವನು, ಈ ದಡದಲ್ಲಿ ನಿಂತು ಆ ದಡದವರ ಜೊತೆ ಮಾತಾಡಿದ ಗಂಟಲು ಅವನದು. ಅಪ್ಪ ಹೊಳೆ ಬಿಟ್ಟು ರೈಲ್ವೆಯಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆದ, ಮಾತನ್ನೂ ಅಲ್ಲೇ ಹೊಳೆಯಲ್ಲಿ ಬಿಟ್ಟು ಬಂದ. ಗಂಟಲು ಒಂದು ತಲೆಮಾರು ದಾಟಿ ನನಗೆ ಬಂತು. ಹೆಣ್ಣಿನ ದನಿ ಹೊಸ್ತಿಲು ದಾಟಬಾರದು ಎನ್ನುತ್ತಿದ್ದಳು ಅವ್ವ. ನನ್ನದು ಜಂಕ್ಷನ್ನಿನ ಪ್ಲಾಟ್‌ಫಾರ್ಮುಗಳನ್ನೇ ದಾಟುತ್ತಿತ್ತು.

“ಸರ್, ನಿಮ್ಮ ಮೂಗಿಗಿ ಏನಾಗ್ಯಾದ್ರಿ?” ಎಂದೆ.

ಸರ್ ಸೀಮೆಸುಣ್ಣ ಕೆಳಗಿಟ್ಟರು. ಸಿಟ್ಟಾಗಲಿಲ್ಲ. “ಚುಚ್ಚಿಸ್ಯಾರ ತಂಗಿ. ನನಕಿಂತ ಮದ್ಲ ಹುಟ್ಟಿದವು ನಾಕು ಕೂಸು ಉಳೀಲಿಲ್ಲ. ಐದನೇದಾದ್ರೂ ಉಳೀಲಿ ಅಂತ ನಮ್ಮವ್ವ ಮೂಗ ಚುಚ್ಚಿಸಿ, ಇದು ಹೆಣ್ಣದ ನೋಡಪ್ಪಾ ಅಂತ ಯಮಗ ಮೋಸ ಮಾಡಿದ್ಳು” ಎಂದರು. ನಾವೆಲ್ಲ ನಕ್ಕೆವು. ಅವರೂ ನಕ್ಕರು. ಆಮೇಲೆ ಹೇಳಿದರು: “ನಗ್ರಿ, ಖರೆ. ಆದ್ರ ಒಂದ್ ವಿಚಾರ ಮಾಡ್ರಿ. ಹೆಣ್ಣಂದ್ರ ಯಮಗೂ ಬ್ಯಾಡಾದ ಸಾಮಾನು ಅಂತ ನಮ್ಮವ್ವಗ ಯಾರ್ ಹೇಳಿದ್ರು?”

ಆ ಪ್ರಶ್ನೆಯನ್ನು ನಮಗೇ ಬಿಟ್ಟರು. ಸೀಮೆಸುಣ್ಣ ಎತ್ತಿಕೊಂಡು ಪಾಠ ಮುಂದುವರಿಸಿದರು. ಅವರ ರೀತಿಯೇ ಅದು.

ಅವರು ಚಿಂಚೋಳಿ ಕಡೆಯ ಹಳ್ಳಿಯವರು. ಸಿಟ್ಟು ಬಂದರೆ ಮಾತ್ರ ಬಾಯಿಂದ ತೆಲುಗು ಬರುತ್ತಿತ್ತು. “ಏಮಿರಾ!” ಎಂದರೆ ಹಿಂದಿನ ಬೆಂಚಿನ ಹುಡುಗರು ಎದ್ದು ನಿಲ್ಲುತ್ತಿದ್ದರು. ಊರಲ್ಲಿ ನಾಟಕ ಆಡಿಸುವ ಮಾಸ್ತರನೊಬ್ಬ ಇವರ ಮೂಗಿನ ತೂತನ್ನು ನೋಡಿ, ಹನ್ನೆರಡನೇ ವಯಸ್ಸಿಗೆ ಹಿಡಿದು ಹೆಣ್ಣು ಪಾತ್ರಕ್ಕೆ ಹಾಕಿಬಿಟ್ಟನಂತೆ. ಆರು ವರ್ಷ ಇವರು ಅವ್ವನ ಇಲಕಲ್ ಸೀರೆ ಉಟ್ಟು, ಆ ತೂತಿಗೆ ಮೂಗುತಿ ಇಟ್ಟು ಕುಣಿದರು. ಮೀಸೆ ಗಟ್ಟಿಯಾದ ಮೇಲೆ ಮಾಸ್ತರ ಬಿಟ್ಟ. ಸರ್ ಕಲಬುರಗಿಗೆ ಓದಲು ಹೋದರು. ಇಂಗ್ಲಿಷ್ ಎಂ.ಎ. ಓದುವಾಗ ಒಂದು ಸಂಗತಿ ತಿಳಿದು ಬೆಚ್ಚಿಬಿದ್ದೆ ಎಂದು ಎಷ್ಟೋ ಸಲ ಹೇಳಿದ್ದಾರೆ. ನಾನೂರು ವರ್ಷದ ಹಿಂದೆ ಇಂಗ್ಲಿಷರ ದೇಶದಲ್ಲೂ ಹೆಂಗಸರು ರಂಗದ ಮೇಲೆ ಬರುವಂತಿರಲಿಲ್ಲ. ಅಲ್ಲಿನ ಹೆಣ್ಣು ಪಾತ್ರಗಳನ್ನೂ ದನಿ ಒಡೆಯದ ಹುಡುಗರೇ ಮಾಡುತ್ತಿದ್ದರು. “ಸಮುದ್ರದಾಚಿಗಿ ನನಗ ಅಣ್ಣತಮ್ಮರು ಸಿಕ್ರು” ಎನ್ನುತ್ತಿದ್ದರು.

ಮೂರನೇ ವರ್ಷದಲ್ಲಿ ನಮಗೆ ಆ ಕಾಲದ್ದೇ ಒಂದು ಹಾಸ್ಯನಾಟಕ ಪಠ್ಯವಾಗಿತ್ತು. ಅದರ ಹೆಸರು ಇಲ್ಲಿ ಬೇಡ. ಅಂಥ ನಾಟಕಗಳ ಬುಡವೆಲ್ಲ ಒಂದೇ ಎಂದು ಸರ್ ತೋರಿಸಿಕೊಟ್ಟಿದ್ದರು. ಒಬ್ಬಳಿರುತ್ತಾಳೆ, ಮಾತು ಚುರುಕು. ಮನೆಯವರಿಗೆ ಅವಳದೇ ಚಿಂತೆ. ಲಗ್ನ ಒಲ್ಲೆ ಎನ್ನುತ್ತಾಳೆ. ಕೇಳಲು ಬಂದ ಗಂಡನ್ನು ನಾಲ್ಕು ಮಾತಿನಲ್ಲಿ ಮಣ್ಣು ಮುಕ್ಕಿಸುತ್ತಾಳೆ. ಇನ್ನೊಬ್ಬಳು ಗಂಡಿನ ವೇಷ ಹಾಕಿಕೊಂಡು ಊರು ತಿರುಗುತ್ತಾಳೆ. ಆ ಬಟ್ಟೆಯಲ್ಲಿರುವತನಕ ಏನು ಬೇಕಾದರೂ ಮಾತಾಡಬಹುದು. ಜನ ಬಿದ್ದು ಬಿದ್ದು ನಗುತ್ತಾರೆ. ಐದನೇ ಅಂಕ ಬರುತ್ತದೆ, ಎಲ್ಲರಿಗೂ ಲಗ್ನ. ಅಲ್ಲಿಗೆ ಅವಳ ಮಾತು ಬಂದ್. ಒಂದು ನಾಟಕದಲ್ಲಿ ಬೆದರಿಸಿ ಪಳಗಿಸುತ್ತಾರೆ, ಇನ್ನೊಂದರಲ್ಲಿ ಮುದ್ದು ಮಾಡಿ ಬಾಯಿ ಮುಚ್ಚಿಸುತ್ತಾರೆ. ವಾದ್ಯ ಬಾರಿಸಿ ಕುಣಿದು ತೆರೆ ಎಳೆಯುತ್ತಾರೆ.

ಇದನ್ನು ಅವರು ಭಾಷಣ ಮಾಡಿ ಹೇಳಲಿಲ್ಲ. ಅಂಕಕ್ಕೊಂದು ಪುಟ ಮಾಡಿ, ಆ ಹುಡುಗಿ ಬಾಯಿ ತೆರೆದಾಗಲೆಲ್ಲ ಒಂದೊಂದು ಗೀಟು ಹಾಕಿಕೊಂಡು ಬರಲು ಹೇಳಿದರು. ನನ್ನ ವಹಿಯಲ್ಲಿ ಮೊದಲ ಅಂಕದ ಪುಟ ಗೀಟಿನಿಂದ ಕಪ್ಪಾಗಿತ್ತು. ಐದನೆಯದರಲ್ಲಿ ಗೀಟುಗಳನ್ನು ಹುಡುಕಬೇಕಿತ್ತು. ಸರ್ ವಹಿ ನೋಡಿ ತಲೆಯಾಡಿಸಿ, ಆಮೇಲೆ ವರ್ಷವಿಡೀ ಹೇಳಿದ ಮಾತನ್ನು ಅವತ್ತು ಮೊದಲ ಸಲ ಹೇಳಿದರು: “ಬಾಯಿ ಇದ್ದಾಕಿಗೆ ಚಪ್ಪಾಳಿ, ಬಾಯಿ ಮುಚ್ಚಿದಾಕಿಗೆ ತಾಳಿ. ಅಲ್ಲೀನೂ ಅಷ್ಟ, ಇಲ್ಲೀನೂ ಅಷ್ಟ.”

“ಹಂಗಾದ್ರ ಬರದಾಂವ ಹೆಣ್ಮಕ್ಕಳ ವೈರಿ ಏನ್ರಿ ಸರ್?” ಎಂದು ಕೇಳಿದೆ.

“ಛೇ, ಹಂಗನಬ್ಯಾಡ. ಆಕಿ ಮ್ಯಾಲ ಅವ್ನಿಗಿ ಭಾಳ ಜೀವ ಅದ. ಛಲೋ ಛಲೋ ಮಾತೆಲ್ಲಾ ಆಕೀಗೇ ಕೊಟ್ಟಾನ ನೋಡು. ಆದ್ರ ನಾಟಕ ಮುಗದ ಮ್ಯಾಲ ಮಂದಿ ಮನಿಗಿ ಹೋಗಬೇಕಲ್ಲ? ಮನ್ಯಾಗ ಹೇಣ್ತಿ ಇರ್ತಾಳ, ಮಗಳು ಇರ್ತಾಳ. ಅದಕ್ಕ ಅಂಜ್ಯಾನ.” ಆಮೇಲೆ ತಮ್ಮ ನಾಟಕದ ದಿನಗಳಿಗೆ ಬಂದರು. “ನಾ ಸೀರಿ ಉಟ್ಟು ಊರ ಗೌಡನ ಪಾತ್ರದವ್ನಿಗಿ ಬಯ್ಯುವಾಗ ಎಲ್ಲರಕಿಂತ ಜೋರ್ ಚಪ್ಪಾಳಿ ಹೊಡ್ಯವ್ರು ಹಿಂದ ಕುಂತ ಹೆಂಗಸ್ರು. ಮುಂಜಾನಿ ಬಾವಿ ಕಟ್ಟಿಗಿ ನೋಡಿದ್ರ ಅವರೇ ತೆಲಿ ಮ್ಯಾಲ ಸೆರಗ ಎಳಕೊಂಡು ಗಪ್ ಚುಪ್ ನೀರ್ ಸೇದ್ತಿದ್ರು. ಅವ್ರ ಮಾತು ನಾ ಆಡ್ತಿದ್ದೆ ತಂಗಿ. ನಾ ಹುಡುಗ ಇದ್ದೆ ಅಂತ ಆಡ್ಲಿಕ್ಕ ಬಿಟ್ಟಿದ್ರು.”

ಆ ದಿನ ನಾನು ರೈಲಿನಲ್ಲಿ ವಾಡಿಗೆ ಬರುವತನಕ ಯಾರ ಜೊತೆಯೂ ಮಾತಾಡಲಿಲ್ಲ. ಜ್ವರ ಬಂದಿದೆಯೇನೋ ಎಂದು ಗೆಳತಿಯರು ಹಣೆ ಮುಟ್ಟಿ ನೋಡಿದರು.

ಸರ್ ಅವರ ಮನೆ ಕಾಲೇಜಿನ ಹಿಂದೆಯೇ ಇತ್ತು. ರೈಲು ತಡವಾದ ದಿನ ಹುಡುಗಿಯರೆಲ್ಲ ಅಲ್ಲಿ ಹೋಗಿ ಕೂಡುತ್ತಿದ್ದೆವು. ಸರ್ ಅವರ ಹೆಂಡತಿಯನ್ನು ನಾವು ಅಮ್ಮಾರ ಎನ್ನುತ್ತಿದ್ದೆವು. ಅಮ್ಮಾರ ಅಂದರೆ ಗಂಡನನ್ನು ಪ್ರತಿ ಎರಡನೇ ಮಾತಿಗೆ ತಿದ್ದುವವರು. ಸರ್ “ಆಗ ಭಾಳ ಮಳಿ ಇತ್ತು” ಎಂದರೆ ಒಳಗಿನಿಂದ “ಎಲ್ಲೀದು ಮಳಿ, ಹನಿ ಬಿದ್ದಿರಲಿಲ್ಲ” ಎಂದು ಕೇಳುತ್ತಿತ್ತು. ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಬಡಿಯುತ್ತಲೇ ಹೊರಗಿನ ಮಾತೆಲ್ಲವನ್ನೂ ಹಿಡಿಯುತ್ತಿದ್ದರು. ಸರ್ ನಮ್ಮ ಕಡೆ ಬಾಗಿ ಮೆಲ್ಲಗೆ, “ನಮ್ಮ ಮನ್ಯಾಗ ಐದನೇ ಅಂಕ ಬರಂಗಿಲ್ಲ” ಎನ್ನುತ್ತಿದ್ದರು. ಅದೂ ಒಳಗೆ ಕೇಳಿಸುತ್ತಿತ್ತು. “ಬರಬಾರ್ದು ಮತ್ತ!” ಎಂದು ಉತ್ತರ ಬರುತ್ತಿತ್ತು. ಇಂಥ ದಾಂಪತ್ಯವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನೋಡಿ ಆಸೆಪಟ್ಟೆ ಎಂದು ಹೇಳಲು ಈಗ ನಾಚಿಕೆಯಿಲ್ಲ.

ಆ ವರ್ಷ ಗ್ಯಾದರಿಂಗಿಗೆ, ಅಂದರೆ ಕಾಲೇಜಿನ ವಾರ್ಷಿಕೋತ್ಸವಕ್ಕೆ, ಸರ್ ಆ ನಾಟಕವನ್ನು ನಮ್ಮ ಮಾತಿಗೆ ತಂದರು. ಬಾಯಿ ಜೋರಿನ ಹುಡುಗಿ ನಾನು. ಅವಳಿಂದ ಬೈಸಿಕೊಳ್ಳುವ ಗಂಡಿನ ಪಾತ್ರಕ್ಕೆ ಒಬ್ಬ ಹುಡುಗನೂ ಒಪ್ಪಲಿಲ್ಲ. ಹುಡುಗಿಯ ಮುಂದೆ ಮಾತಿನಲ್ಲಿ ಸೋತು ನಿಲ್ಲುವುದೆಂದರೆ ಅವಮಾನವಂತೆ. ಸರ್ ನಗುತ್ತ, “ಆವಾಗ ಹುಡುಗ್ರು ಸೀರಿ ಉಟ್ರು, ಈಗ ಹುಡುಗ್ಯಾರು ಪ್ಯಾಂಟ್ ಹಾಕ್ಲಿ, ಹಳೀ ಲೆಕ್ಕ ಚುಕ್ತಾ ಆಗ್ತದ” ಎಂದು ಹಾಸ್ಟೆಲಿನ ಎತ್ತರದ ಹುಡುಗಿಯೊಬ್ಬಳಿಗೆ ಮೀಸೆ ಅಂಟಿಸಿದರು. ಎಲ್ಲ ಬರೆದುಕೊಟ್ಟವರು ಕೊನೆಯ ದೃಶ್ಯದಲ್ಲಿ ಮಾತ್ರ ನನಗೆ ಒಂದು ಸಾಲನ್ನೂ ಬರೆಯಲಿಲ್ಲ. ಗಂಡು ಹಾರ ಹಿಡಿದು ಬರುತ್ತಾನೆ, ಅಷ್ಟೇ. “ಇಲ್ಲಿ ನಾ ಏನನ್ಲಿ ಸರ್?” ಎಂದರೆ, “ಕಡೀ ಮಾತು ನಿಂದು. ನಾ ಯಾಕ ಬರೀಲಿ? ಆ ಹೊತ್ತಿಗಿ ಬಾಯಿಗಿ ಬಂದದ್ದು ಅನ್ನು” ಎಂದುಬಿಟ್ಟರು.

ಆ ಹೊತ್ತು ಬಂತು. ಹಾರ ನನ್ನ ತಲೆಯ ಮೇಲಿಂದ ಇಳಿಯುತ್ತಿತ್ತು. ನಾನು ಅದನ್ನು ಎರಡೂ ಕೈಯಿಂದ ತಡೆದು ಹಿಡಿದು, “ಹಾಕು, ಬ್ಯಾಡ ಅನ್ನಂಗಿಲ್ಲ. ಆದ್ರ ಬಾಯಿ ಮುಚ್ಚದಂಗ ಹಾಕು” ಎಂದೆ. ಸಭೆ ಕುಣಿಯಿತು. ಹೆಣ್ಣುಮಕ್ಕಳ ಕಡೆಯಿಂದ ಸೀಟಿ ಬಂತು. ರಂಗದ ಪಕ್ಕದಲ್ಲಿ ನಿಂತ ಸರ್ ಧೋತರದ ಅಂಚಿನಿಂದ ಕಣ್ಣು ಒರೆಸಿಕೊಂಡರು.

ಆದರೆ ಆ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ನಾಲವಾರದ ಒಬ್ಬ ಹಿರಿಯರು ಕುಳಿತಿದ್ದರು. ಕಾಲೇಜಿನ ಕಮಿಟಿಯವರೊಬ್ಬರ ಗೆಳೆಯರೆಂದು ಬಂದವರು. ಅವರ ಅಣ್ಣನ ಮಗನಿಗೆ ನನ್ನನ್ನು ಕೇಳಿದ್ದರು. ಹುಡುಗ ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಫಿಟ್ಟರ್. ನನ್ನ ಫೋಟೋ ಅವರ ಮನೆಗೆ ಹೋಗಿತ್ತು, ಬರುವ ಭಾನುವಾರ ಕನ್ಯೆ ನೋಡಲು ಬರುವವರಿದ್ದರು. ನಾನು ರಂಗದ ಮೇಲೆ ಬಂದೊಡನೆ ಹಿರಿಯರಿಗೆ ಗುರುತು ಸಿಕ್ಕಿತು. ಮರುದಿನವೇ ಅಪ್ಪನಿಗೆ ಫೋನು: “ಹುಡುಗಿ ನಾಟಕದಾಕಿ, ಬಾಯಿ ಭಾಳ ಜೋರದ. ನಮಗ ಆಗಿಬರಂಗಿಲ್ರಿ.”

ನಾಟಕದಲ್ಲಿ ರಾಜನ ಪಾತ್ರ ಮಾಡಿದವನಿಗೆ ಯಾರೂ ಕಂದಾಯ ಕಟ್ಟುವುದಿಲ್ಲ. ಗಯ್ಯಾಳಿಯ ಪಾತ್ರ ಮಾಡಿದವಳು ಮಾತ್ರ ಗಯ್ಯಾಳಿಯೇ. ಅವರದು ತಪ್ಪು ತಿಳುವಳಿಕೆ ಎನ್ನಲೂ ಬಾಯಿಲ್ಲ, ಏಕೆಂದರೆ ನನ್ನ ಮಟ್ಟಿಗೆ ಅದು ಸರಿಯಾಗಿಯೇ ಇತ್ತು! ಅಪ್ಪ ನನ್ನನ್ನು ಬೈಯಲಿಲ್ಲ. ಡ್ಯೂಟಿಯಿಂದ ಬಂದು, ಕೈಕಾಲು ತೊಳೆದು, “ನಾಳಿಂದ ಕಾಲೇಜು ಬ್ಯಾಡ” ಎಂದ. ಪರೀಕ್ಷೆಗೆ ಎರಡು ತಿಂಗಳಿತ್ತು. ನಾನು ಕೂಗಾಡಿದೆ, ಅತ್ತೆ, ಎರಡು ದಿನ ಉಣ್ಣಲಿಲ್ಲ. “ಇದೇ ಬಾಯಿ ನಿನ್ನ ತಿಂತು” ಎಂದು ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ವಾರವಾದರೂ ನಾನು ಬರದಿದ್ದನ್ನು ನೋಡಿ ಸರ್ ನಮ್ಮ ಕ್ವಾರ್ಟರ್ಸ್ ಹುಡುಕಿಕೊಂಡು ಬಂದರು. ಅಪ್ಪ ಅವರಿಗೆ ಕುರ್ಚಿ ಹಾಕಿ, ತಾನು ನೆಲದ ಮೇಲೆ ಕೂತ. “ನೀವು ದೊಡ್ಡವ್ರು, ನಿಮಗ ಏನಂಬೋದದರಿ. ಆದ್ರ ನಿಮ್ಮ ನಾಟಕದಾಗ ನನ್ನ ಮಗಳ ಬದುಕು ಹೋಯ್ತು” ಎಂದು ಕೈಮುಗಿದ. ಅವ್ವ ತಂದ ಚಹಾ ಹಾಗೇ ಆರಿಹೋಯಿತು. ಎದ್ದು ಹೋಗುವಾಗ ಅವರು ನನ್ನ ಕಡೆ ನೋಡಲಿಲ್ಲ.

ಮುಂದಿನ ಭಾನುವಾರ ಅವರು ಮಾಡಿದ ಕೆಲಸ ನನಗೆ ತಿಳಿದದ್ದು ಸಂಜೆ, ನಾಲವಾರದ ಹಿರಿಯರ ಫೋನು ಮತ್ತೆ ಬಂದಾಗ. ಸರ್ ಯಾರಿಗೂ ಹೇಳದೆ ಚಿತ್ತಾಪುರದಿಂದ ವಾಡಿಗೆ ಬಂದು, ಅಲ್ಲಿ ಗಾಡಿ ಬದಲಿಸಿ ನಾಲವಾರಕ್ಕೆ ಹೋಗಿ, ಹಿರಿಯರ ಮನೆಯ ಪಡಸಾಲೆಯಲ್ಲಿ ಕೂತು ಹೇಳಿದ್ದರು: ಹುಡುಗಿ ಆಕಳಿನಂಥವಳು. ಕಣ್ಣೆತ್ತಿ ಮಾತಾಡುವವಳಲ್ಲ. ನಾಟಕದ ಮಾತೆಲ್ಲ ನಾನು ಬರೆದದ್ದು, ಗಿಳಿಯ ಹಾಗೆ ಒಪ್ಪಿಸಿದ್ದಾಳೆ, ತಪ್ಪೇನಿದ್ದರೂ ನನ್ನದು. ವಿಭೂತಿ ಹಚ್ಚಿದ, ತಲೆ ನೆರೆತ ಮೇಷ್ಟ್ರು ಹೀಗೆ ಹೇಳಿದರೆ ಯಾರು ನಂಬುವುದಿಲ್ಲ? ನಾಲವಾರದವರು ಬರಲು ಒಪ್ಪಿದ್ದರು. ಒಂದೇ ಷರತ್ತು: ಆ ದಿನ ಮೇಷ್ಟ್ರೂ ಇರಬೇಕು, ಎಲ್ಲರ ಸಮಕ್ಷಮ ಅದೇ ಮಾತನ್ನು ಹೇಳಬೇಕು.

ಅಪ್ಪನ ಮುಖದಲ್ಲಿ ಎಷ್ಟೋ ದಿನದ ಮೇಲೆ ನಗು ಬಂತು. ಕಾಲೇಜಿಗೂ ಹೋಗೆಂದ. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ಮರುದಿನ ಸ್ಟಾಫ್ ರೂಮಿಗೆ ನೇರ ನುಗ್ಗಿದೆ. ಸರ್ ಒಬ್ಬರೇ ಇದ್ದರು.

“ಆಕಳ ಅಂದ್ರಿ ನನಗ. ಗಿಳಿ ಅಂದ್ರಿ. ಕಡೀ ಮಾತು ನಿಂದು ಅಂದವ್ರು ಯಾರ್ರಿ ಸರ್? ಮಂದೀಗೆಲ್ಲ ಐದನೇ ಅಂಕದ ಬಗ್ಗೆ ಹೇಳ್ತೀರಿ, ನನ್ನದು ನೀವೇ ಕುಂತು ಬರದ್ರಿ.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಅಂಜಿದೆ ತಂಗಿ” ಎಂದರು. “ನಿನ್ನ ಪರೀಕ್ಷಾ ತಪ್ತದ ಅಂತ ಅಂಜಿದೆ. ನಿಮ್ಮಪ್ಪ ನೆಲದ ಮ್ಯಾಲ ಕುಂತಿದ್ದು ನೋಡಿ ಅಂಜಿದೆ. ಮೂವತ್ತು ವರ್ಷದಿಂದ ಹೇಳಿದ್ದು ನಾಲವಾರ ಸ್ಟೇಷನ್ ಬರೂದ್ರಾಗ ಎಲ್ಲಾ ಮರ್ತುಹೋಯ್ತು ನೋಡು.”

ನಾನು ಇನ್ನೂ ಏನೇನೋ ಅನ್ನಬೇಕೆಂದು ಬಂದಿದ್ದೆ. ಎದುರಿಗಿರುವವರು ಅಂಜಿದೆ ಎಂದುಬಿಟ್ಟರೆ ಬಾಯಿಬಡಕಿ ಏನು ಮಾಡಬೇಕು? ಹೊರಗೆ ಬಂದು ನೀರಿನ ನಲ್ಲಿಯ ಹತ್ತಿರ ನಿಂತು ಅತ್ತೆ.

ಕನ್ಯೆ ನೋಡುವ ದಿನ ಬಂತು. ಅವ್ವ ಹಿಂದಿನ ದಿನದಿಂದಲೇ ಪಾಠ ಮಾಡಿದ್ದಳು: ಹೆಸರು ಕೇಳಿದರೆ ಹೆಸರು ಹೇಳು, ಬೇರೇನು ಕೇಳಿದರೂ ‘ಹೂಂ’, ತಲೆ ಎತ್ತಬೇಡ. ನೆಲದ ಶಹಾಬಾದಿ ಪರಸಿಕಲ್ಲನ್ನು ಸಿಮೆಂಟಿನ ಧೂಳು ಕಾಣದಂತೆ ಮೂರು ಸಲ ಒರೆಸಿದ್ದಳು. ಅದರ ಮೇಲೆ ಚಾಪೆ ಹಾಸಿ ನನ್ನನ್ನು ಕೂರಿಸಿದರು. ಎದುರಿಗೆ ನಾಲವಾರದ ಹಿರಿಯರು, ಹುಡುಗ, ಅವರ ಕಡೆಯ ಮೂರು ನಾಲ್ಕು ಜನ. ಒಂದು ಬದಿಗೆ ಸರ್ ಮತ್ತು ಅಮ್ಮಾರ. ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ ಹಂಚಿದರು. ಎದ್ದು ನಡೆ ಎಂದರು, ನಡೆದೆ. ವಹಿಯಲ್ಲಿ ಹೆಸರು ಬರೆ ಎಂದರು, ಬರೆದೆ. ಬಾಯಿ ಮಾತ್ರ ಕೆಲಸವಿಲ್ಲದೆ ಕೂತಿತ್ತು. ಹುಡುಗ ನನಗಿಂತ ಹೆಚ್ಚು ಬೆವರುತ್ತಿದ್ದ ಪಾಪ.

“ಮತ್ತ ಸರ್,” ಎಂದರು ಹಿರಿಯರು ಸಮಾಧಾನದಿಂದ, “ಹುಡುಗಿ ಮಾತು ಕಡಿಮಿ ಅಂತ ಅಂದಿದ್ರಿ. ಎಲ್ಲರ ಮುಂದ ಒಂದ್ ಸಲ ಹೇಳಿಬಿಡ್ರಿ, ಬಾಯಿ ಸಿಹಿ ಮಾಡೂಣು.”

ಸರ್ ಎದ್ದು ನಿಂತರು. ಕೂತೇ ಹೇಳಬಹುದಿತ್ತು.

“ನಾ ನಿಮಗ ಸುಳ್ಳ ಹೇಳೀನ್ರಿ” ಎಂದರು. “ಈ ಹುಡುಗಿ ಮಾತಾಡ್ತಾಳ. ಭಾಳ ಮಾತಾಡ್ತಾಳ. ಖರೆ ಇದ್ದದ್ದೇ ಮಾತಾಡ್ತಾಳ. ನಾಟಕದಾಗ ಆ ಕಡೀ ಮಾತು ನಂದಲ್ಲ, ಆಕೀದೇ. ಅಂಥ ಮಾತು ಬರೀಲಿಕ್ಕ ನನಗ ಬರಂಗಿಲ್ಲ. ನಿಮಗ ಹಿಡಿಸಿದ್ರ ಇದ್ದಂಗ ಕರ್ಕೊಂಡ್ ಹೋಗ್ರಿ. ಹಿಡಿಸಲಿಲ್ಲಂದ್ರ ಈಗೇ ಬ್ಯಾಡನ್ರಿ. ಲಗ್ನ ಮಾಡ್ಕೊಂಡು ಆಮ್ಯಾಲ ಬಾಯಿ ಮುಚ್ಚಸಬ್ಯಾಡ್ರಿ. ತಪ್ಪು ನಂದದ, ಕ್ಷಮಾ ಮಾಡ್ರಿ.”

ಅವ್ವನ ಕೈಯಲ್ಲಿದ್ದ ತಾಟು ಕೈಯಲ್ಲೇ ಇತ್ತು. ಹಿರಿಯರು ಮೆಲ್ಲಗೆ ಎದ್ದು ಹೆಗಲ ಮೇಲಿನ ಶಲ್ಯ ಸರಿಮಾಡಿಕೊಂಡರು. “ಮೂಗ ಚುಚ್ಚಿಸ್ಕೊಂಡ ಗಂಡಸಿನ ಮಾತು ನಂಬಿ ಬಂದೆವಲ್ಲ, ನಮಗ ನಾವೇ ಹೊಡ್ಕೋಬೇಕು” ಎಂದರು.

ನಾನು ತಲೆ ಎತ್ತಿದೆ. ಆದರೆ ನನಗಿಂತ ಮೊದಲು ಮಾತಾಡಿದವನು ಅಪ್ಪ. ಜೀವಮಾನದಲ್ಲಿ ಒಬ್ಬರಿಗೂ ಎದುರು ಹೇಳದ ಅಪ್ಪ, ಸಾಹೇಬರ ಮುಂದೆ ಹಸಿರು ಬಾವುಟ ಹಿಡಿದು ನಿಂತೇ ನೌಕರಿ ಮಾಡಿದ ಅಪ್ಪ. “ಯಜಮಾನ್ರೇ,” ಎಂದ, “ಕನ್ಯಾ ಬ್ಯಾಡನ್ರಿ, ಅದು ನಿಮ್ಮ ಖುಷಿ. ನನ್ನ ಮನಿಗಿ ಬಂದ ಗುರುಗಳಿಗಿ ಹಂಗನಬ್ಯಾಡ್ರಿ. ಚಪ್ಪಲಿ ಹೊರಗವ, ಹಾಕ್ಕೊಂಡು ನಡೀರಿ.”

ಅವರು ಹೋದರು. ಹುಡುಗ ಹೊಸ್ತಿಲ ಹತ್ತಿರ ಒಂದು ಗಳಿಗೆ ನಿಂತು, ಸರ್‌ಗೆ ನಮಸ್ಕಾರ ಮಾಡಿ, ಕಾಕಾನ ಹಿಂದೆ ನಡೆದ. ಅವನ ಬಗ್ಗೆ ನನಗೆ ಇವತ್ತಿಗೂ ಕೆಟ್ಟ ಭಾವನೆಯಿಲ್ಲ. ಅಮ್ಮಾರ ಎದ್ದು ಅವ್ವನ ಕೈಯಿಂದ ತಾಟು ಇಸಿದುಕೊಂಡು, “ಭಜಿ ಆರ್ತಾವ, ಎಲ್ಲಾರೂ ತಿನ್ರಿ” ಎಂದರು. ಅವ್ವ ಗೋಡೆಗೆ ಒರಗಿ ಅಳುತ್ತಿದ್ದಳು. ಅಪ್ಪ ನನ್ನ ಕಡೆ ನೋಡದೆ, “ಪರೀಕ್ಷಾ ಯಾವಾಗ?” ಎಂದು ಕೇಳಿದ. ಮುಂದಿನ ತಿಂಗಳು ಎಂದೆ. “ಬರಿ” ಎಂದ.

ಬರೆದೆ, ಪಾಸಾದೆ, ಬಿ.ಎಡ್. ಮಾಡಿದೆ. ಈಗ ಶಹಾಬಾದಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಇದಿಷ್ಟು ಸಲೀಸಾಗಿ ಆಯಿತೆಂದು ತಿಳಿಯಬೇಡಿ. ಅವತ್ತಿನ ಸುದ್ದಿ ರಾವೂರ, ನಾಲವಾರ, ವಾಡಿ ಎಲ್ಲ ಸುತ್ತಿ ಬಂತು. ಆರು ವರ್ಷ ನನ್ನನ್ನು ಕೇಳಲು ಒಬ್ಬರೂ ಬರಲಿಲ್ಲ. ಅವ್ವ ಮದುವೆ ಮನೆಗಳಿಗೆ ಹೋಗುವುದನ್ನೇ ಬಿಟ್ಟಳು. ಆ ಆರು ವರ್ಷವೂ ಸರ್ ಯುಗಾದಿಗೆ, ದೀಪಾವಳಿಗೆ ತಪ್ಪದೆ ನಮ್ಮ ಮನೆಗೆ ಬಂದರು. ಅಪ್ಪನ ಎದುರು ಕುರ್ಚಿ ಮುಟ್ಟದೆ ನೆಲದ ಮೇಲೇ ಕೂರುತ್ತಿದ್ದರು. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ, ಒಂದೇ ತಟ್ಟೆಯಿಂದ ಚಕ್ಕುಲಿ ಮುರಿದು ತಿನ್ನುತ್ತಿದ್ದರು.

ಕೊನೆಗೆ, ಈಗ ನನ್ನ ಗಂಡನಾಗಿರುವ ಶಹಾಬಾದಿನ ಒಬ್ಬರು ನನ್ನನ್ನು ನೋಡಲು ಬಂದರು. ಈ ಸಲ ಚಾಪೆಯ ಮೇಲೆ ಕೂರುವ ಮೊದಲೇ ನಾನು ಹೇಳಿದೆ, ನಾನು ಭಾಳ ಮಾತಾಡುತ್ತೇನೆ ಎಂದು. ಅವರು ಸ್ವಲ್ಪ ಯೋಚಿಸಿ, “ನನಗ ನಿದ್ದಿ ಹತ್ತಿದಾಗ ಒಂದ್ ಬಿಡ್ರಿ, ಉಳದಾಗ ನಡೀತದ” ಎಂದರು. ಸರ್‌ಗೆ ಫೋನು ಮಾಡಿ ಇದನ್ನು ಹೇಳಿದಾಗ ಆ ಕಡೆಯಿಂದ ನಗು ಕೇಳಿತು. ಆಮೇಲೆ ನಗು ನಿಂತಿತು. ಅಮ್ಮಾರ ಫೋನು ಇಸಿದುಕೊಂಡು, “ಅಳ್ಲಿಕತ್ಯಾರ, ನಾಳಿಗಿ ಮಾಡವ್ವ” ಎಂದರು.

ನಿವೃತ್ತಿಯ ನಂತರ ಇಬ್ಬರೂ ಸೇಡಂನಲ್ಲಿ ಸಣ್ಣ ಮನೆ ಮಾಡಿಕೊಂಡಿದ್ದರು. ರಜೆಯಲ್ಲಿ ಹೋದರೆ ಸರ್ ನನ್ನ ವಿದ್ಯಾರ್ಥಿನಿಯರ ಬಗ್ಗೆಯೇ ಕೇಳುತ್ತಿದ್ದರು. ಕ್ಲಾಸಿನಲ್ಲಿ ಯಾರು ಮಾತಾಡುತ್ತಾರೆ ಎಂದಲ್ಲ, ಯಾರು ಮಾತಾಡುವುದಿಲ್ಲ ಎಂದು. ಕಳೆದ ಶ್ರಾವಣದಲ್ಲಿ, ಮುಂಜಾನೆ ಲಿಂಗಪೂಜೆಗೆ ಕೂತವರು ಹಾಗೆಯೇ ಗೋಡೆಗೆ ಒರಗಿದರಂತೆ, ಮತ್ತೆ ಏಳಲಿಲ್ಲ. ಶಾಲೆಯಲ್ಲಿದ್ದಾಗ ಮೊಬೈಲಿಗೆ ಸುದ್ದಿ ಬಂತು. ಹಳೆಯ ವಿದ್ಯಾರ್ಥಿಗಳ ಗುಂಪಿನಲ್ಲಿ ಕೈಮುಗಿದ ಚಿತ್ರಗಳು ಸಾಲುಗಟ್ಟಿ ಬರುತ್ತಲೇ ಇದ್ದವು. ನನ್ನ ಕೈಯಿಂದ ಒಂದಕ್ಷರವನ್ನೂ ಬರೆಯಲಾಗಲಿಲ್ಲ.

ಹದಿನೈದು ದಿನದ ಮೇಲೆ ಚಿತ್ತಾಪುರದ ಕಾಲೇಜಿನಲ್ಲಿ ನುಡಿನಮನ ಇಟ್ಟರು. ಅಮ್ಮಾರ ಬಂದು ಮುಂದಿನ ಸಾಲಿನಲ್ಲಿ ಕೂತರು. ಬರಬಾರದಿತ್ತು, ಮನೆಯಲ್ಲಿರಬೇಕಿತ್ತು ಎಂದು ಯಾರೋ ಪಿಸುಗುಟ್ಟಿದ್ದು ನನಗೆ ಕೇಳಿತು. ಮಾತಾಡುವವರ ಪಟ್ಟಿಯಲ್ಲಿ ಒಂಬತ್ತು ಜನರಿದ್ದರು, ಒಂಬತ್ತೂ ಗಂಡಸರು. ನನಗೆ ಕೊನೆಗೆ ಮಂಗಳ ಹಾಡುವ ಕೆಲಸ ಕೊಟ್ಟಿದ್ದರು. ನನ್ನ ಗಂಟಲು ಹಾಡಿಗೆ ಹೇಳಿ ಮಾಡಿಸಿದ್ದಲ್ಲ, ಅದು ಚಿತ್ತಾಪುರಕ್ಕೆಲ್ಲ ಗೊತ್ತು. ಆದರೂ ಹೆಣ್ಣುಮಗಳು ವೇದಿಕೆ ಹತ್ತಿದರೆ ಹಾಡಬೇಕು ಎಂಬುದು ನಮ್ಮವರ ಸಂಪ್ರದಾಯ.

ಒಂಬತ್ತು ಜನರೂ ಒಳ್ಳೆಯ ಮಾತುಗಳನ್ನೇ ಆಡಿದರು. ಶಿಸ್ತಿನವರು, ದೇವರಂಥವರು, ಒಂದು ದಿನವೂ ತಡವಾಗಿ ಬಂದವರಲ್ಲ. ಕೊನೆಯವರು ಗದ್ಗದಿತರಾಗಿ, “ನಮ್ಮ ಸರ್ ತಮ್ಮ ಜೀವನದಲ್ಲಿ ಒಂದೇ ಒಂದು ಸುಳ್ಳನ್ನೂ ಹೇಳಿದವರಲ್ಲ” ಎಂದು ಮುಗಿಸಿದರು. ಚಪ್ಪಾಳೆ ಬಿತ್ತು. ನನ್ನನ್ನು ಕರೆದರು.

ನಾನು ಮಂಗಳ ಹಾಡಿದೆ. ಹಾಡಿ ಮುಗಿಸಿದ ಮೇಲೆ ಮೈಕ್ ಬಿಡಲಿಲ್ಲ. “ಸರ್ ಒಂದು ಸುಳ್ಳು ಹೇಳಿದ್ದರು. ನನ್ನ ಸಲುವಾಗಿ” ಎಂದೆ. ಸಂಘಟಕರು ಗಡಿಯಾರ ನೋಡಿದರು. ನಾನು ನಾಲವಾರದ ಕಥೆಯನ್ನು, ಆ ಚಾಪೆಯನ್ನು, ಅವರು ಎದ್ದು ನಿಂತದ್ದನ್ನು ಎಲ್ಲ ಹೇಳಿದೆ. ಒಬ್ಬ ಗಂಡಸು ನಾಲ್ಕು ಜನರ ಮುಂದೆ ನಿಂತು, ಒಬ್ಬ ಹುಡುಗಿಯ ಬಗ್ಗೆ ತಾನು ಸುಳ್ಳು ಹೇಳಿದೆ ಎಂದು ಒಪ್ಪಿಕೊಂಡದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ, ನಾನಿವತ್ತು ಹೀಗೆ ನಿಂತು ಮಾತಾಡುತ್ತಿರುವುದು ಆ ಋಣದಿಂದ, ಎಂದೆ. ಅಷ್ಟರಲ್ಲಿ ನನ್ನ ದನಿ ಒಡೆಯಿತು. ಮುಂದಿನ ಮಾತು ಬರಲಿಲ್ಲ.

ಮುಂದಿನ ಸಾಲಿನಿಂದ ಅಮ್ಮಾರ ದನಿ, ಮೈಕ್ ಇಲ್ಲದೆಯೇ, ಇಡೀ ಹಾಲಿಗೆ ಕೇಳಿತು: “ಎಲ್ಲೀದು ಒಂದು? ಭಾಳ ಹೇಳ್ಯಾರ. ಒಪ್ಕೊಂಡಿದ್ದು ಅದೊಂದೇ.”

ನುಡಿನಮನದ ಸಭೆಯಲ್ಲಿ ಜನ ಅಷ್ಟು ನಕ್ಕಿದ್ದನ್ನು ನಾನು ಕಂಡಿಲ್ಲ. ನಗುತ್ತಲೇ ಎಲ್ಲರೂ ಕಣ್ಣೊರೆಸಿಕೊಂಡರು. ಅಮ್ಮಾರ ನಗಲಿಲ್ಲ, ಅಳಲೂ ಇಲ್ಲ. “ಯಾಕ ನಿಂತಿ? ಇನ್ನೂ ಹೇಳೋದದಲ್ಲ, ಹೇಳು” ಎಂದು ನನಗೆ ಕೈ ಮಾಡಿದರು.

ನಾನು ಹೇಳಿದೆ.